ಟೋಕಿಯೋ ವಿಚಾರಣೆಯಲ್ಲಿ ದುಭಾಷಿಗಳ ಮೇಲೆ ಇನ್ನೊಬ್ಬರ ಕಾವಲು ಯಾಕಿತ್ತು?

ಮುಖ್ಯವಾಗಿ ನಂಬಿಕೆ ಸಾಲದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಅದರ ಮಿತ್ರದೇಶಗಳು 1946ರಿಂದ 1948ರವರೆಗೆ ನಡೆಸಿದ ಈ ಯುದ್ಧಾಪರಾಧ ವಿಚಾರಣೆಗೆ ಜಪಾನೀಸ್, ಇಂಗ್ಲಿಷ್ ಎರಡರಲ್ಲೂ ಪಳಗಿದವರು ಸಿಕ್ಕಿದ್ದು ಹೆಚ್ಚಾಗಿ ಜಪಾನೀಯರಲ್ಲೇ. ಆದರೆ ಕಟಕಟೆಯಲ್ಲಿ ಇದ್ದವರೂ ಜಪಾನಿನ ನಾಯಕರೇ ಅಲ್ವಾ? ಅದಕ್ಕೇ ಮೂರು ಹಂತ ಮಾಡಿದರು.

ಕೆಳಗೆ ಜಪಾನೀ ದುಭಾಷಿಗಳು. ಅವರ ಮೇಲೆ ಮಾನಿಟರ್‌ಗಳು, ಅಂದರೆ ಜಪಾನೀ ಮೂಲದ ಅಮೆರಿಕನ್ನರು. ಅರ್ಥದ ಬಗ್ಗೆ ತಕರಾರು ಬಂದರೆ ತೀರ್ಮಾನ ಹೇಳಲು ಒಂದು ಭಾಷಾ ಮಂಡಳಿ. ಸಾಕ್ಷಿ ಸ್ವಲ್ಪ ಮಾತಾಡಿ ನಿಲ್ಲಿಸಬೇಕು, ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು, ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳುತ್ತಾ ಕೂತ ಮಾನಿಟರ್ ಏನಾದರೂ ತಪ್ಪಿದರೆ ಅಲ್ಲೇ ಮೈಕಿನಲ್ಲಿ ತಿದ್ದಬೇಕು, ಆಮೇಲೆ ವಕೀಲರ ಮುಂದಿನ ಪ್ರಶ್ನೆ. ಭಾರೀ ನಿಧಾನ. ಜರ್ಮನಿಯ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಮಾತಿನ ಜೊತೆಜೊತೆಗೇ ಅನುವಾದ ನಡೆಯುತ್ತಿತ್ತು. ಇಲ್ಲಿ ಮೊದಲೇ ಅನುವಾದಿಸಿಟ್ಟ ಕಾಗದ ಓದುವಾಗ ಮಾತ್ರ ಹಾಗೆ.

ಮಾನಿಟರ್‌ಗಳ ಪಾಡು ಇನ್ನೂ ವಿಚಿತ್ರ. ಯುದ್ಧದ ಕಾಲದಲ್ಲಿ ಜಪಾನೀ ಮೂಲದವರು ಅನ್ನೋ ಒಂದೇ ಕಾರಣಕ್ಕೆ ಅವರಂಥವರನ್ನು ಅಮೆರಿಕವೇ ಶಿಬಿರಗಳಲ್ಲಿ ಕೂಡಿಹಾಕಿತ್ತು. ಈಗ ಅದೇ ಅಮೆರಿಕಕ್ಕೆ ಅವರ ಕಿವಿ ಬೇಕಾಯಿತು. ಆದರೂ ಭಾಷಾ ಮಂಡಳಿಯ ಮುಖ್ಯಸ್ಥನ ಜಾಗ ಹೋಗಿದ್ದು ಬಿಳಿಯ ಸೇನಾಧಿಕಾರಿಗೆ.