ಸಂಪಾದಕರ ಉತ್ತರ: ಹದಿನೆಂಟು ತುಂಬಿದ ರಾತ್ರಿ ಎಲ್ಲಿ ಮಲಗೋದು?

ಚಳ್ಳಕೆರೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ, ಗೆರೆ ಹಾಳೆ ಮೇಲೆ, ಅಕ್ಷರ ಅಂದ್ರೆ ಮುತ್ತು ಪೋಣಿಸಿದಂಗಿದೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ದಿಕ್ಕಿಲ್ಲದ ಮಕ್ಕಳನ್ನ ಸಾಕೋ ಬಾಲಮಂದಿರದಿಂದ ಹದಿನೆಂಟಕ್ಕೆ ಹೊರಗೆ ಬರೋ ಹುಡುಗ ಹುಡುಗಿಯರಿಗೆ ಇನ್ನೂ ಮೂರ್ನಾಲ್ಕು ವರ್ಷ ಆಸರೆ ಬೇಕು ಅಂತ ಹೋದ ಸಂಚಿಕೇಲಿ ನಾನು ಬರೆದಿದ್ದೆ, ಅದಕ್ಕೆ ಇವರ ತಕರಾರು. ಇವರ ಮಾತಲ್ಲೇ ಹೇಳೋದಾದ್ರೆ: “ಹದಿನೆಂಟಾದ ಮೇಲೆ ಅವನು ಮಗು ಅಲ್ಲ, ಓಟು ಹಾಕೋ ಪ್ರಜೆ. ತಿಂಗಳಿಗೆ ನಾಲ್ಕು ಸಾವಿರ ಕೂತಲ್ಲೇ ಕೊಟ್ರೆ ಸೋಮಾರಿ ಆಗ್ತಾನೆ, ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು. ನಾನು ಹದಿನೈದಕ್ಕೆ ತಂದೆ ಕಳ್ಕೊಂಡು ಶೇಂಗಾ ಮಂಡೀಲಿ ಚೀಲ ಹೊತ್ತು ಮೇಲೆ ಬಂದೋನು, ನನಗೆ ಯಾವ ಯೋಜನೆ ಇತ್ತು? ದೊಡ್ಡವರನ್ನೇ ಇಟ್ಕೊಂಡು ಕೂತ್ರೆ ಚಿಕ್ಕ ಮಕ್ಕಳಿಗೆ ಜಾಗ ಎಲ್ಲಿ?”

ಮೇಷ್ಟ್ರೇ, ಜಾಗದ ಮಾತು ಒಪ್ತೀನಿ. ಆರು ವರ್ಷದ ಕೂಸಿನ ಹಾಸಿಗೆ ಮೇಲೆ ಇಪ್ಪತ್ತರ ಹುಡುಗ ಮಲಗಬೇಕು ಅಂತ ನಾನೂ ಹೇಳಿಲ್ಲ, ದೊಡ್ಡವರಿಗೆ ಬೇರೆ ಮನೆನೇ ಬೇಕು.

ಆದ್ರೆ ನಿಮ್ಮ ಪತ್ರದ ಎರಡನೇ ಪುಟ ನಾನು ಮೂರು ಸಲ ಓದ್ದೆ. ಅಲ್ಲಿ ನೀವೇ ಬರೆದಿದ್ದೀರಿ, ತಂದೆ ತೀರಿಕೊಂಡ ಮೇಲೆ ಹಿರಿಯೂರಲ್ಲಿ ಸೋದರಮಾವನ ಮನೇಲಿದ್ದು ಟಿಸಿಎಚ್ (ಮೇಷ್ಟ್ರ ತರಬೇತಿ) ಮುಗಿಸಿದೆ, ಕೆಲಸ ಸಿಕ್ಕಿದ್ದು ಇಪ್ಪತ್ನಾಲ್ಕಕ್ಕೆ ಅಂತ. ಒಂದೇ ಸಾಲು, ಅದಾದ ಮೇಲೆ ಮತ್ತೆ ಚೀಲ ಹೊತ್ತ ಕತೆ. ಆ ಒಂದು ಸಾಲಲ್ಲಿ ಒಂಬತ್ತು ವರ್ಷ ಇದೆ ಮೇಷ್ಟ್ರೇ. ಒಂಬತ್ತು ವರ್ಷ ನಿಮ್ಮ ಅತ್ತೆ ನಿಮ್ಮ ತಟ್ಟೆಗೆ ಮುದ್ದೆ ಹಾಕಿದ್ದಾರೆ, ಜ್ವರ ಬಂದಾಗ ಯಾರೋ ಹಣೆ ಮುಟ್ಟಿ ನೋಡಿದ್ದಾರೆ, ಸಂಜೆ ಬರೋದು ಲೇಟಾದ್ರೆ ಯಾಕೋ ಲೇಟು ಅಂತ ಕೇಳೋರಿದ್ರು. ನಿಮಗೆ ಹದಿನೆಂಟು ತುಂಬಿದ ದಿನ ಮಾವ ಟ್ರಂಕು ತಂದು ಹೊಸ್ತಿಲ ಮೇಲಿಟ್ರಾ? ಚೀಲ ಹೊತ್ತಿದ್ದು ನೀವೇ, ಅದನ್ನ ಯಾರೂ ಕಿತ್ಕೊಳ್ಳಲ್ಲ, ಆದ್ರೆ ಹೊತ್ತು ಇಳಿಸಿ ವಾಪಸ್ ಹೋಗೋಕೆ ಒಂದು ಮನೆ ಇತ್ತಲ್ಲ, ನಾನು ಕೇಳ್ತಿರೋದು ಅದನ್ನೇ.

ಇನ್ನು ಹದಿನೆಂಟು ಅನ್ನೋ ಆ ದಿನಾಂಕದ ವಿಷಯ. ನೀವು ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದೋರು, ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ. ಶಾಲೆಗೆ ಸೇರಿಸೋಕೆ ವಯಸ್ಸು ಕೂಡಲಿ ಅಂತ ಹೆಡ್ ಮಾಸ್ಟರ್ ಬರೆದ ತಾರೀಖು ಅದು. ತಾಯಿತಂದೆ ಇರೋ ಮಗುವಿನ ಪಾಡೇ ಹಿಂಗಾದ್ರೆ, ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಮಗುವಿನದ್ದು ಇನ್ನೇನು? ಶಾಲೆ ದಾಖಲೆ ಇಲ್ಲ, ಪುರಸಭೆ ಜನನ ಪತ್ರ ಇಲ್ಲ ಅಂದ್ರೆ ಮೂಳೆ ಎಕ್ಸ್-ರೇ ತೆಗೆದು ವಯಸ್ಸು ಅಂದಾಜು ಮಾಡ್ತಾರೆ. ಅಂದಾಜಿಗೆ ಬರೆದ ಆ ತಾರೀಖಿನ ಲೆಕ್ಕದಲ್ಲಿ ಒಂದು ದಿನ ನೀನು ಇವತ್ತಿಂದ ದೊಡ್ಡೋನು, ಹೊರಡು ಅನ್ನೋದು. ಶಾಲೆಗೆ ತಡವಾಗಿ ಸೇರಿದೋನಾದ್ರೆ ಆಗ ಅವನು ಸೆಕೆಂಡ್ ಪಿಯುಸಿ ಮಧ್ಯದಲ್ಲಿರ್ತಾನೆ. ಅದೇ ನಮ್ಮ ಕಾನೂನು ಗಂಡುಹುಡುಗ ಮದುವೆ ಆಗೋಕೆ ಇಪ್ಪತ್ತೊಂದಾಗಲಿ, ಅಲ್ಲೀವರೆಗೆ ಸಂಸಾರ ಹೊರೋ ವಯಸ್ಸಲ್ಲ ಅನ್ನತ್ತೆ. ಸಂಸಾರ ಹೊರೋಕಾಗಲ್ಲ, ಒಬ್ಬನೇ ಬೀದಿಗೆ ಬಿದ್ದು ಬದುಕೋಕೆ ಮಾತ್ರ ಆಗತ್ತಾ?

ಕಾನೂನು ಇಲ್ಲ ಅಂತಲ್ಲ, ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್, ಸಂಸ್ಥೆ ಬಿಟ್ಟು ಹೋಗೋ ಹದಿನೆಂಟು ತುಂಬಿದವರಿಗೆ ಹಣದ ನೆರವು ಕೊಡೋ ಬಗ್ಗೆನೇ ಇರೋದು. 2016ರ ಮಾದರಿ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡಿದ್ರೆ 21ರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಆಸರೆ, ಆರೆಂಟು ಜನ ಒಟ್ಟಿಗಿರೋಕೆ ಮನೆ, ಕೆಲಸ ಕಲಿಯುವಾಗ ಸ್ಟೈಪೆಂಡ್. ನೀವು ಹೇಳಿದ ನಾಲ್ಕು ಸಾವಿರ 2022ರ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯದ್ದು. ಇಷ್ಟೆಲ್ಲ ಇದ್ದೂ ನನಗೆ ಹೊಟ್ಟೆ ಉರಿಯೋದು ಒಂದೇ ಒಂದು ಪದಕ್ಕೆ. ಆ ಸೆಕ್ಷನ್ನಲ್ಲಿ ನೆರವು “ಕೊಡಬಹುದು” ಅಂತಿದೆ, “ಕೊಡತಕ್ಕದ್ದು” ಅಂತಿಲ್ಲ. ನಲವತ್ತು ವರ್ಷ ಪ್ರೂಫ್ ನೋಡಿದ ಕಣ್ಣು ನಂದು, ಈ ಎರಡು ಪದದ ನಡುವೆ ಎಷ್ಟು ಅಂತರ ಇದೆ ಅಂತ ಗೊತ್ತು. ತಕ್ಕದ್ದು ಅಂದ್ರೆ ಆಫೀಸಿನ ಮುಂದೆ ನಿಂತು ಕೇಳೋ ಹಕ್ಕು, ಬಹುದು ಅಂದ್ರೆ ಸಾಹೇಬ್ರು ಮೀಟಿಂಗಲ್ಲಿದ್ದಾರೆ ನಾಳೆ ಬಾ. ಇನ್ನೊಂದು ನೋಡಿ, ಆ ಕಾಯ್ದೆಯ ವ್ಯಾಖ್ಯೆಯಲ್ಲೂ ಸೆಕ್ಷನ್ನಲ್ಲೂ “ಸಂಸ್ಥೆ” ಬಿಟ್ಟವರು ಅಂತಲೇ ಇದೆ. ಫಾಸ್ಟರ್ ಕೇರ್‌ನಲ್ಲಿ, ಅಂದ್ರೆ ದತ್ತು ತಗೊಳ್ದೆ ಮನೇಲಿಟ್ಟು ಸಾಕೋರ ಹತ್ರ ಬೆಳೆದ ಮಗುವಿನ ಹೆಸರೇ ಆ ಸಾಲಲ್ಲಿಲ್ಲ. ಸಾಕಿದೋರು ಪ್ರೀತಿಯಿಂದ ಇರು ಅಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ.

ದಾವಣಗೆರೆಯ ನಮ್ಮ ಪ್ರೆಸ್ಸಿಗೆ ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಒಂದು ಟ್ರಂಕು, ಒಂದು ಪ್ಲಾಸ್ಟಿಕ್ ಕವರಲ್ಲಿ ಮಾರ್ಕ್ಸ್ ಕಾರ್ಡು, ಆಧಾರ್. ಆಧಾರ್‌ನಲ್ಲಿರೋ ವಿಳಾಸ ಅವನು ಬಿಟ್ಟು ಬಂದ ಬಾಲಮಂದಿರದ್ದೇ. ಎಲ್ಲಿ ಮಲಗ್ತೀಯಪ್ಪಾ ಅಂದೆ, “ಎಲ್ಲಾರ ಮಕ್ಕೊಂತೀನ್ರಿ ಸರ್” ಅಂದ. ಹಿಂದಿನ ಗೋಡೌನಲ್ಲಿ ಪೇಪರ್ ಬಂಡಲ್ ಮೇಲೆ ಮಲಗ್ತಿದ್ದ. ಒಂದು ಗ್ಯಾಸ್ ಸ್ಟೋವ್ ಕೊಡಿಸಿದೆ, ಮೊದಲ ದಿನ ಅನ್ನಕ್ಕಿಟ್ಟ, ಮೂರು ದಿನ ಆದ್ರೂ ಮುಗೀಲಿಲ್ಲ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಆ ಹುಡುಗನಿಗೆ ಗೊತ್ತಿರಲಿಲ್ಲ ಮೇಷ್ಟ್ರೇ. ಅವನು ಹುಟ್ಟಿದಾಗಿಂದ ನೋಡಿದ್ದು ಅರವತ್ತು ಜನಕ್ಕೆ ಬೇಯೋ ದೊಡ್ಡ ಪಾತ್ರೆ. ಮೊದಲ ಸಂಬಳ ಮೂರು ದಿನಕ್ಕೆ ಖಾಲಿ ಮಾಡಿದ, ನಾನೂ ಬೈದೆ, ಆಮೇಲೆ ಯೋಚನೆ ಮಾಡಿದ್ರೆ ಅವನ ಕೈಯಲ್ಲಿ ಅದಕ್ಕೂ ಮುಂಚೆ ನೂರು ರೂಪಾಯಿ ನೋಟು ಒಂದು ದಿನ ಉಳಿದಿದ್ದಿಲ್ಲ. ನಮ್ಮ ಮಕ್ಕಳು ಅಂಗಡಿಗೆ ಹೋಗಿ ಚಿಲ್ಲರೆ ಕಳ್ಕೊಂಡು ಬಂದು ಅಮ್ಮನ ಹತ್ರ ಬೈಸಿಕೊಂಡು ಏಳು ವರ್ಷಕ್ಕೆ ಕಲಿಯೋದನ್ನ ಇವನು ಹತ್ತೊಂಬತ್ತಕ್ಕೆ ಕಲಿತಿದ್ದ, ಅದನ್ನ ನಾವು ಸೋಮಾರಿತನ ಅಂತೀವಿ.

ಬಾಡಿಗೆ ರೂಮು ಹುಡುಕೋಕೆ ವಿನೋಬನಗರ, ನಿಟ್ಟುವಳ್ಳಿ ಎಲ್ಲ ಸುತ್ತಿದ. “ಊರು ಯಾವುದಪ್ಪಾ, ಯಾವ ಪೈಕಿ ನೀವು, ಅಪ್ಪ ಏನ್ ಮಾಡ್ತಾರೆ?” ಇದ್ದದ್ದು ಇದ್ದಂಗೆ ಹೇಳಿದ, ಎರಡು ಕಡೆ ರೂಮು ಆಗಲೇ ಬೇರೆಯವರಿಗೆ ಹೋಗಿತ್ತು. ಮೂರನೇ ಕಡೆ ನಾನು ಜೊತೆಗೆ ಹೋದೆ, “ನಮ್ಮ ಹುಡುಗ” ಅಂದೆ, ಬೀಗದ ಕೈ ಕೊಟ್ರು. ಎರಡು ಪದಕ್ಕೆ ಅಷ್ಟು ಬೆಲೆ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ದುಗ್ಗಮ್ಮನ ಜಾತ್ರೆ ನಿಮಗೆ ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ, ದಾವಣಗೆರೆಯ ಯಾವ ಮನೇಲೂ ಕಾಲಿಡೋಕೆ ಜಾಗ ಇರಲ್ಲ ಅಷ್ಟು ನೆಂಟರು. ಆ ಸಲ ಜಾತ್ರೆಗೆ ಒಂದು ವಾರ ಇದೆ ಅನ್ನುವಾಗ ಅವನು ಬಂದು ಕೇಳಿದ್ದು ರಜೆ ಅಲ್ಲ. “ಜಾತ್ರ್ಯಾಗ ಪ್ರೆಸ್ ಬಾಗ್ಲ ಹಾಕ್ತೀರೇನ್ರಿ ಸರ್?” ಅಂದ. ಬಾಗಿಲು ಹಾಕಿದ್ರೆ ಆ ಮೂರು ದಿನ ಅವನಿಗೆ ಮಾತಾಡೋಕೆ ಒಬ್ಬ ಮನುಷ್ಯ ಇರಲ್ಲ. ಈಗ ಅವನು ನಮ್ಮಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡ್ತಾನೆ, ದಿನಕ್ಕೆ ಹತ್ತು ಸಲ “ಇವರ ಜ್ಯೇಷ್ಠ ಪುತ್ರ” ಅಂತ ಟೈಪ್ ಮಾಡ್ತಾನೆ. ಹೋದ ಶ್ರಾವಣದಲ್ಲಿ ಅವನದ್ದೇ ಪತ್ರಿಕೆ ಮಾಡಿದ, ಎಲ್ಲ ಮಾಡಿ ಆ ಜಾಗ ಖಾಲಿ ಬಿಟ್ಟು ಪ್ರೂಫ್ ತಂದು ನನ್ನ ಟೇಬಲ್ ಮೇಲಿಟ್ಟು ಏನೂ ಮಾತಾಡದೆ ಹೋದ. ಅಲ್ಲಿ ನಮ್ಮಿಬ್ಬರ ಹೆಸರು ಬರೆದಿದ್ದು ನನ್ನ ಹೆಂಡತಿ.

ಹೊರದೇಶದ ಉದಾಹರಣೆ ನಮಗ್ಯಾಕೆ ಅಂತೀರಿ, ಆದ್ರೂ ಹೇಳ್ತೀನಿ. ಇಂಗ್ಲೆಂಡಲ್ಲಿ 2014ರಲ್ಲಿ ಕಾಯ್ದೆನೇ ಮಾಡಿದ್ರು, ಫಾಸ್ಟರ್ ಮನೇಲಿ ಬೆಳೆದೋರು ಎರಡೂ ಕಡೆ ಒಪ್ಪಿದ್ರೆ ಅದೇ ಮನೇಲಿ 21ರವರೆಗೆ ಇರಬಹುದು, ಸ್ಥಳೀಯ ಆಡಳಿತ ಅದಕ್ಕೆ ನೆರವಾಗಲೇಬೇಕು. ಅಮೆರಿಕದಲ್ಲಿ 2008ರ ಕಾಯ್ದೆ ಬಂದ ಮೇಲೆ, 21ರವರೆಗೆ ಇಟ್ಕೊಳ್ಳೋ ರಾಜ್ಯಗಳಿಗೆ ಕೇಂದ್ರದ ಹಣ ಸಿಗೋಕೆ ದಾರಿ ಆಯ್ತು. ಅದಕ್ಕೂ ಮುಂಚಿಂದ ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ಅನ್ನೋ ಮೂರು ರಾಜ್ಯದ ಏಳುನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನ 26 ವಯಸ್ಸಿನವರೆಗೆ ಬೆನ್ನತ್ತಿ ಅಧ್ಯಯನ ಮಾಡಿದ್ರು. ಇಲಿನಾಯಲ್ಲಿ 21ರವರೆಗೆ ಇರೋಕೆ ಬಿಡ್ತಿದ್ರು, ಉಳಿದೆರಡು ಕಡೆ ಹೆಚ್ಚುಕಮ್ಮಿ ಹದಿನೆಂಟಕ್ಕೇ ಹೊರಗೆ. ಇಲಿನಾಯ್ ಮಕ್ಕಳೇ ಹೆಚ್ಚು ಕಾಲೇಜು ಮೆಟ್ಟಿಲು ಹತ್ತಿದ್ದು. ಹತ್ತಿದೋರೆಲ್ಲ ಡಿಗ್ರಿ ಮುಗಿಸಲಿಲ್ಲ, ಅದೂ ನಿಜ. ನಮ್ಮ ನಿಮ್ಮ ಮನೆ ಮಕ್ಕಳೆಲ್ಲ ಮುಗಿಸಿದ್ದಾರಾ? ಸಬ್ಜೆಕ್ಟು ಬಾಕಿ ಇಟ್ಕೊಂಡ ಮಗನಿಗೆ ಊಟ ನಿಲ್ಲಿಸಿದ ತಾಯಿಯನ್ನ ನಾನಂತೂ ನೋಡಿಲ್ಲ.

ಅಷ್ಟು ದೂರ ಯಾಕೆ, ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳ್ಕೊಂಡ ಮಕ್ಕಳಿಗೆ 2021ರಲ್ಲಿ ನಮ್ಮ ಕೇಂದ್ರ ಸರ್ಕಾರವೇ ಏನು ಮಾಡ್ತು? ಹದಿನೆಂಟರಿಂದ ಇಪ್ಪತ್ಮೂರರವರೆಗೆ ತಿಂಗಳ ಸ್ಟೈಪೆಂಡ್, ಇಪ್ಪತ್ಮೂರಕ್ಕೆ ಹತ್ತು ಲಕ್ಷ. ಬಹಳ ಒಳ್ಳೇ ಕೆಲಸ, ಕೈಮುಗೀತೀನಿ. ಹಂಗಾದ್ರೆ ಹದಿನೆಂಟಕ್ಕೆ ಯಾರೂ ಸ್ವಂತ ಕಾಲ ಮೇಲೆ ನಿಲ್ಲಲ್ಲ ಅಂತ ಸರ್ಕಾರಕ್ಕೂ ಗೊತ್ತು. ಟಿಬಿ ಬಂದು ಅಪ್ಪ ಸತ್ತ ಮಗುವಿಗೆ, ತಾಯಿ ಬಿಟ್ಟು ಹೋದ ಮಗುವಿಗೆ ಬರೀ “ಕೊಡಬಹುದು” ಯಾಕೆ?

ಮೇಷ್ಟ್ರೇ, ನನ್ನ ಸಿಟ್ಟು ಸರ್ಕಾರದ ಮೇಲೆ ಮಾತ್ರ ಅಲ್ಲ. ವಾರಾನ್ನ ಅನ್ನೋ ಪದ ಈಗಿನ ಹುಡುಗರಿಗೆ ಹೇಳಿದ್ರೆ ಹೋಟೆಲ್ ಮೆನು ಅನ್ಕೋತಾರೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹಂಗೆ ಏಳು ಮನೇಲಿ ಉಂಡು ಓದಿದೋರು ಈ ನಾಡಲ್ಲಿ ಎಷ್ಟು ಜನ! ಅದರಲ್ಲೂ ಜಾತಿ ನೋಡ್ತಿದ್ರು, ಎಲ್ಲರಿಗೂ ಬಾಗಿಲು ತೆಗೀತಿರಲಿಲ್ಲ, ಅದನ್ನ ಮುಚ್ಚಿಡಲ್ಲ. ಆ ಕೊರತೆ ತುಂಬಿದ್ದು ಮಠಗಳ ಉಚಿತ ಹಾಸ್ಟೆಲ್‌ಗಳು, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಎರಡೂ ಕೊಟ್ರು. ಇದೇ ದಾವಣಗೆರೇಲಿ ಕಾಟನ್ ಮಿಲ್ಲುಗಳು ನಡೀತಿದ್ದಾಗ, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದಾಗ, ಹಿಂದೆಮುಂದೆ ಇಲ್ಲದ ಹುಡುಗನೂ ಮಿಲ್ ಗೇಟಲ್ಲಿ ನಿಂತು ಬದಲಿ ಕೆಲಸ ಹಿಡಿದು ಸಂಸಾರಸ್ಥ ಆಗ್ತಿದ್ದ. ಮಿಲ್ಲು ಮುಚ್ಚಿದ್ವು. ಈಗ ನಮಗೆ ಉಳಿದಿರೋದು ಮಗನ ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಹೋಳಿಗೆ ಊಟ ಹಾಕ್ಸಿ, ಫೋಟೋ ತೆಗೆದು ಸ್ಟೇಟಸ್ ಹಾಕೋದು. ಆ ಫೋಟೋಗಳು ನಮ್ಮ ಪತ್ರಿಕೆಗೂ ಬರ್ತವೆ, ಅಚ್ಚು ಹಾಕಿ ಅಂತ. ಮಕ್ಕಳ ಗುರುತು ಹೊರಗೆ ಹಾಕೋಕೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನಿಷೇಧ ಇದೆ, ಒಂದೂ ಹಾಕಿಲ್ಲ, ಹಾಕಲ್ಲ. ಆ ಮಕ್ಕಳು ವರ್ಷಕ್ಕೆ ಎಷ್ಟೋ ಜನರ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿರ್ತಾರೆ, ಅವರದ್ದೇ ಹದಿನೆಂಟನೇ ಹುಟ್ಟುಹಬ್ಬ ಹತ್ರ ಬಂದಾಗ ಮಾತ್ರ ರಾತ್ರಿ ನಿದ್ದೆ ಬರಲ್ಲ.

ಪತ್ರದ ಕೊನೇಲಿ ಬರೆದಿದ್ದೀರಿ, ಮಗ ಬೆಂಗಳೂರು ಸೇರಿದ ಮೇಲೆ ಮಹಡಿ ಮೇಲಿನ ರೂಮು ಖಾಲಿ ಬಿದ್ದಿದೆ, ಮನೆ ಭಣಭಣ ಅನ್ನತ್ತೆ ಅಂತ. ಅದನ್ನ ನೀವು ಬೇರೆ ಅರ್ಥದಲ್ಲಿ ಬರೆದಿದ್ದು, ನನಗೆ ಗೊತ್ತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಆಫೀಸು ಚಿತ್ರದುರ್ಗದಲ್ಲೇ ಇದೆ, ಒಂದು ದಿನ ಬಸ್ ಹತ್ತಿ ಹೋಗಿ ಈ ವರ್ಷ ಹದಿನೆಂಟು ತುಂಬೋರು ಎಷ್ಟು ಜನ, ನಾನೇನು ಮಾಡಬಹುದು ಅಂತ ಕೇಳ್ಕೊಂಡು ಬನ್ನಿ. ಬಂದು ನನ್ನ ಮೇಲೆ ಸಿಟ್ಟಿದ್ರೆ ಇನ್ನೊಂದು ಪತ್ರ ಬರೀರಿ. ಮತ್ತೆ ಹಿರಿಯೂರಿನ ನಿಮ್ಮ ಸೋದರಮಾವ, ಅತ್ತೆ ಇಬ್ಬರ ಬಗ್ಗೆ ಎರಡು ಪುಟ ಬರೆದು ಕಳಿಸಿ, ಅವರು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿದ್ರು, ನಿಮ್ಮ ತಟ್ಟೆ ಯಾವ ಮೂಲೇಲಿರ್ತಿತ್ತು, ಟಿಸಿಎಚ್ ಫೀಸು ಕಟ್ಟೋಕೆ ಮಾವ ಏನು ಅಡ ಇಟ್ರು, ಎಲ್ಲಾ. ಮುಂದಿನ ಸಂಚಿಕೆ ಕಂಪೋಸ್ 20ಕ್ಕೆ ಶುರು. ಅಷ್ಟರೊಳಗೆ ಬಂದ್ರೆ ಒಂದಕ್ಷರ ಕತ್ತರಿಸದೆ ಹಾಕ್ತೀನಿ.