ಮೊದಲ ಬಾರಿ ಟ್ಯಾಂಕ್ ಮಾಡೆಲ್ ಮಾಡುವವರು ಅದು ಯುದ್ಧದಲ್ಲಿ ಓಡಾಡಿದಂತೆ ಕಾಣಲು ಏನು ಮಾಡಬೇಕು?

ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34/85ರ 1:35 ಅಳತೆಯ ಪ್ಲಾಸ್ಟಿಕ್ ಕಿಟ್ ನಿಮ್ಮ ಕೈಯಲ್ಲಿದೆ, ಇದಕ್ಕೆ ಮುಂಚೆ ಮಾಡೆಲ್ ಮಾಡಿದ ಅನುಭವವಿಲ್ಲ, ಬಣ್ಣ ಸಿಂಪಡಿಸುವ ಏರ್‌ಬ್ರಶ್ ಕೂಡ ಇಲ್ಲ. ಆದರೂ ಅದು ಹೊಸ ಆಟಿಕೆಯಂತೆ ಮಿನುಗದೆ ನಿಜವಾಗಿ ಬಳಕೆಯಾದ ಟ್ಯಾಂಕಿನಂತೆ ಕಾಣಬೇಕು ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಈ ಹವ್ಯಾಸದಲ್ಲಿರುವವನಾಗಿ ಮೊದಲು ಒಂದೇ ಒಂದು ನಿಯಮ ಹೇಳುತ್ತೇನೆ: ಮಾಡೆಲಿನ ಮೇಲೆ ನೀವು ಮೂಡಿಸುವ ಪ್ರತಿಯೊಂದು ಕಲೆಗೂ ಗೀರಿಗೂ ಒಂದು ಕಾರಣವಿರಬೇಕು. ಅಲ್ಲಿ ಯಾರ ಬೂಟು ತಾಗಿತು, ಡೀಸೆಲ್ ಎಲ್ಲಿ ಚೆಲ್ಲಿತು, ಮಳೆನೀರು ಯಾವ ದಾರಿಯಲ್ಲಿ ಇಳಿಯಿತು ಎಂದು ಕೇಳಿಕೊಂಡು, ಉತ್ತರ ಸಿಕ್ಕಿದ ಜಾಗದಲ್ಲಿ ಮಾತ್ರ ಕುಂಚವಿಡಿ. ಈ ರೀತಿಯ ಅಭ್ಯಾಸಕ್ಕೆ ಟಿ-34 ಹೇಳಿ ಮಾಡಿಸಿದ ಟ್ಯಾಂಕು. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಜೋಡಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಕಿಟ್ಟಿನ ಜೊತೆ ಬರುವ ಸೂಚನಾ ಹಾಳೆಯೇ ಅದಕ್ಕೆ ಸಾಕು. ಅದರಲ್ಲಿ ಸಾಮಾನ್ಯವಾಗಿ ಇರದ ಕೆಲವು ಮಾತುಗಳನ್ನಷ್ಟೇ ಸೇರಿಸುತ್ತೇನೆ. ಭಾಗಗಳು ಇನ್ನೂ ಸ್ಪ್ರೂ ಎಂಬ, ಅವನ್ನು ಒಟ್ಟಿಗೆ ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇರುವಾಗಲೇ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ, ಏಕೆಂದರೆ ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಯಾವ ಭಾಗವನ್ನೂ ಕೈಯಿಂದ ತಿರುಚಿ ಮುರಿಯಬೇಡಿ. ಸೈಡ್ ಕಟರ್‌ನಿಂದ ಮೊದಲು ಭಾಗಕ್ಕಿಂತ ತುಸು ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಹಾಬಿ ನೈಫಿನಿಂದ ತೆಳುವಾಗಿ ಸವರಿ, ಕೊನೆಗೆ ನಯವಾದ ಮರಳು ಕಾಗದದಿಂದ ಉಜ್ಜಿದರೆ ಗುರುತೇ ಉಳಿಯುವುದಿಲ್ಲ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಇರುವ ಸಿಮೆಂಟ್ ಮೇಲ್ಮೈಯನ್ನು ಕರಗಿಸಿ ಎರಡು ಭಾಗಗಳನ್ನು ಒಂದಾಗಿ ಬೆಸೆಯುತ್ತದೆ. ತೆಳುವಾದ ಸಿಮೆಂಟ್ ಬಳಸುವಾಗ ಭಾಗಗಳನ್ನು ಮೊದಲೇ ಒತ್ತಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ದ್ರವ ತಾನಾಗಿಯೇ ಸಂದಿನ ಉದ್ದಕ್ಕೂ ಹರಿದು ಹೋಗುತ್ತದೆ. ಹಿಡಿದ ಬೆರಳು ಆ ಸಂದಿನ ಮೇಲೆಯೇ ಇದ್ದರೆ ನಿಮ್ಮ ಬೆರಳಚ್ಚು ಆ ಟ್ಯಾಂಕಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಟಿ-34/85ರ ಟರೆಟ್, ಅಂದರೆ ತೋಪು ಇರುವ ತಿರುಗುವ ಮೇಲ್ಭಾಗ, ಎರಕ ಹೊಯ್ದದ್ದು. ಅದರ ಮೈ ಒರಟಾಗಿತ್ತು. ನಿಮ್ಮ ಕಿಟ್ಟಿನ ಟರೆಟ್ ತೀರಾ ನಯವಾಗಿದ್ದರೆ ಅದರ ಮೇಲೆ ಸಿಮೆಂಟ್ ಸವರಿ, ಅದು ಮೆತ್ತಗಾದಾಗ ಹಳೆಯ ಗಡಸು ಕುಂಚದಿಂದ ನೆಟ್ಟಗೆ ಕುಟ್ಟಿದರೆ ಎರಕದ ಒರಟುತನ ಬರುತ್ತದೆ. ಉರುಳಿಸಿದ ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಹಲ್‌ಗೆ, ಅಂದರೆ ಟ್ಯಾಂಕಿನ ಒಡಲಿಗೆ, ಇದನ್ನು ಮಾಡಬಾರದು. ಚಕ್ರಗಳನ್ನು ಮತ್ತು ಅವುಗಳನ್ನು ಸುತ್ತುವ ಟ್ರ್ಯಾಕುಗಳನ್ನು (ಸರಪಳಿ ಪಟ್ಟಿಗಳನ್ನು) ಬಣ್ಣ ಮುಗಿಯುವವರೆಗೆ ಅಂಟಿಸಬೇಡಿ. ಪ್ರತಿ ಚಕ್ರವನ್ನು ಒಂದು ಕಡ್ಡಿಗೆ ಸಿಕ್ಕಿಸಿ, ರಬ್ಬರ್ ಅಂಚಿಗೆ ಕುಂಚ ತಾಗಿಸಿ ಹಿಡಿದು ಕಡ್ಡಿಯನ್ನು ತಿರುಗಿಸಿದರೆ ಗೆರೆ ತಾನೇ ದುಂಡಗೆ ಬರುತ್ತದೆ.

ಮುಂದೆ ಹೋಗುವ ಮೊದಲು ಅಳತೆಯ ಲೆಕ್ಕವನ್ನು ತಲೆಯಲ್ಲಿ ಕೂರಿಸಿಕೊಳ್ಳಿ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮೋಟಾರ್ ಕಿಟ್ ಮಾಡುವಾಗ ಒಳಗೆ ಬ್ಯಾಟರಿಗಳು ಹಿಡಿಸುವಷ್ಟು ಗಾತ್ರವನ್ನು ಆರಿಸಿಕೊಂಡಿತು, ಅದು ಸುಮಾರು 1:35ಕ್ಕೆ ಬಂದು ನಿಂತಿತು. ಟ್ಯಾಂಕ್ ಮಾಡೆಲುಗಳ ಅತ್ಯಂತ ಪ್ರಚಲಿತ ಅಳತೆ ಹುಟ್ಟಿದ್ದು ಹೀಗೆ. ಈ ಅಳತೆಯಲ್ಲಿ ನಿಮ್ಮ ಮಾಡೆಲಿನ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಅಂದರೆ ನೀವು ಮೂರು ಮಿಲಿಮೀಟರಿನ ಬಣ್ಣ ಕಿತ್ತ ಗುರುತು ಹಾಕಿದರೆ ಅಲ್ಲಿ ಹತ್ತು ಸೆಂಟಿಮೀಟರಿಗಿಂತ ದೊಡ್ಡ ಬಣ್ಣದ ಚಕ್ಕೆ ಹಾರಿಹೋಗಿದೆ ಎಂದರ್ಥ. ಹೊಸಬರ ಮಾಡೆಲುಗಳು ಅತಿಯಾಗಿ ಕಾಣುವುದಕ್ಕೆ ಬಣ್ಣದ ಆಯ್ಕೆಗಿಂತ ಈ ಲೆಕ್ಕ ತಪ್ಪುವುದೇ ಹೆಚ್ಚಿನ ಕಾರಣ ಎಂಬುದು ನನ್ನ ಅಭಿಪ್ರಾಯ.

ಏರ್‌ಬ್ರಶ್ ಇಲ್ಲದಿರುವುದು ಅಂಥ ಕೊರತೆಯೇನಲ್ಲ. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ಪದರ) ಮತ್ತು ಮೂಲ ಬಣ್ಣ ಎರಡಕ್ಕೂ ಸ್ಪ್ರೇ ಕ್ಯಾನ್ ಸಾಕು. ಗಾಳಿಯಾಡುವ ಜಾಗದಲ್ಲಿ, ಸುಮಾರು 20ರಿಂದ 25 ಸೆಂಟಿಮೀಟರ್ ದೂರದಿಂದ, ಮಾಡೆಲಿನ ಆಚೆ ಸ್ಪ್ರೇ ಶುರುಮಾಡಿ ಮಾಡೆಲನ್ನು ದಾಟಿದ ಮೇಲೆಯೇ ನಿಲ್ಲಿಸಿ. ಒಂದೇ ಸಲಕ್ಕೆ ಪೂರ್ತಿ ಮುಚ್ಚುವ ಹಟ ಬೇಡ, ತೆಳುವಾದ ಹಲವು ಪದರಗಳು ಬೋಲ್ಟು, ಬೆಸುಗೆಯ ಗೆರೆ ಮೊದಲಾದ ಸಣ್ಣ ವಿವರಗಳನ್ನು ಉಳಿಸುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಈ ಕೆಲಸ ಮಾಡಬೇಡಿ, ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಸೋವಿಯತ್ ಟ್ಯಾಂಕುಗಳ ಬಣ್ಣ 4ಬಿಒ ಎಂಬ ಹಸಿರು. ಮುಂದೆ ಬರುವ ವಾಶ್, ಅಂದರೆ ಸಂದಿಗಳಿಗೆ ಹರಿಸುವ ತೀರಾ ತೆಳುವಾದ ಗಾಢ ಬಣ್ಣ, ಅದನ್ನು ಇನ್ನಷ್ಟು ಕಪ್ಪಾಗಿಸುವುದರಿಂದ, ನಿಮಗೆ ಸರಿ ಎನಿಸುವುದಕ್ಕಿಂತ ಒಂದು ಛಾಯೆ ತಿಳಿಯಾದ ಹಸಿರನ್ನೇ ಆರಿಸಿ.

ಬಣ್ಣ ಚೆನ್ನಾಗಿ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ ಹಾಕಿ. ಟ್ಯಾಂಕಿಗೆ ಹೊಳಪು ಏಕೆ ಎಂದು ಅನಿಸಬಹುದು. ಟರೆಟ್ಟಿನ ಸಂಖ್ಯೆಗಳ ಡಿಕ್ಯಾಲನ್ನು (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರವನ್ನು) ಒರಟು ಮೇಲ್ಮೈ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ನಯವಾದ ಮೇಲ್ಮೈ ಮೇಲೆ ಅದು ಬಣ್ಣದಲ್ಲೇ ಬರೆದಂತೆ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ವಾರ್ನಿಷ್ ನೀವು ಇಲ್ಲಿಯವರೆಗೆ ಮಾಡಿದ ಕೆಲಸಕ್ಕೂ ಇನ್ನು ಮಾಡಲಿರುವ ಕೆಲಸಕ್ಕೂ ನಡುವೆ ಒಂದು ಕಾವಲು. ಮೂಲ ಬಣ್ಣ ಮತ್ತು ವಾರ್ನಿಷ್ ಅಕ್ರಿಲಿಕ್ ಆಗಿದ್ದು, ವಾಶ್ ಎನಾಮೆಲ್ ಅಥವಾ ಆಯಿಲ್ ಬಣ್ಣದ್ದಾಗಿದ್ದರೆ, ವಾಶ್ ಮನಸ್ಸಿಗೆ ಬಾರದಿದ್ದಾಗ ವೈಟ್ ಸ್ಪಿರಿಟ್ ಎಂಬ ತೆಳುಕಾರಕದಿಂದ ಒರೆಸಿ ತೆಗೆದು ಮತ್ತೆ ಶುರುಮಾಡಬಹುದು, ಅಡಿಯ ಹಸಿರಿಗೆ ಏನೂ ಆಗುವುದಿಲ್ಲ. ಮೊದಲ ಮಾಡೆಲ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಈಗ ವಾಶ್. ಗಾಢ ಕಂದು ಆಯಿಲ್ ಬಣ್ಣವನ್ನು ಕಡಲೆಕಾಳಿನಷ್ಟು ತೆಗೆದು ರಟ್ಟಿನ ಮೇಲೆ ಸ್ವಲ್ಪ ಹೊತ್ತು ಇಡಿ, ಅದರ ಎಣ್ಣೆಯನ್ನು ರಟ್ಟು ಹೀರಿಕೊಂಡರೆ ಬಣ್ಣ ಬೇಗ ಒಣಗುತ್ತದೆ. ಅನಂತರ ವೈಟ್ ಸ್ಪಿರಿಟ್ ಬೆರೆಸಿ ನೀರಿನಷ್ಟು ತೆಳು ಮಾಡಿ. ಇಡೀ ಟ್ಯಾಂಕಿಗೆ ಬಳಿಯುವ ಪದ್ಧತಿಯೂ ಇದೆ, ನನಗದು ಇಷ್ಟವಿಲ್ಲ. ಎಲ್ಲ ಭಾಗವೂ ಒಂದೇ ರೀತಿ ಮಂಕಾಗುತ್ತದೆ. ಅದರ ಬದಲು ಸಣ್ಣ ಮೊನಚು ಕುಂಚದ ತುದಿಯನ್ನು ಚಾಲಕನ ಮುಚ್ಚಳದ ಅಂಚಿಗೆ, ಬೋಲ್ಟಿನ ಬುಡಕ್ಕೆ, ಬೆಸುಗೆಯ ಗೆರೆಗೆ ತಾಗಿಸಿ. ಚಾಲಕನ ಮುಚ್ಚಳದಲ್ಲಿ ಇದನ್ನು ಮೊದಲು ಮಾಡಿ ನೋಡಿ: ಮೇಲಿನ ಮೂಲೆಗೆ ಒಂದು ಹನಿ ತಾಗಿಸಿದ ಕೂಡಲೇ ಕಂದು ಗೆರೆ ಸಂದಿನೊಳಗೆ ಓಡಿ, ಕೀಲುಗಳನ್ನು ಸುತ್ತುಹಾಕಿ ಕೆಳಗಿನ ಅಂಚಿಗೆ ಬಂದು ನಿಲ್ಲುತ್ತದೆ, ಅಲ್ಲಿಯವರೆಗೆ ಕಾಣದೆ ಇದ್ದ ಮುಚ್ಚಳ ಹಸಿರಿನಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಹನಿಯ ಸುತ್ತ ಕಲೆ ಹರಡಿದರೆ ಗಾಬರಿ ಬೇಡ. ದ್ರವದ ಒದ್ದೆ ಹೊಳಪು ಹೋಗುವವರೆಗೆ ಕಾದು, ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಕುಂಚವನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಹೆಚ್ಚಿನ ಬಣ್ಣ ಹೊರಟುಹೋಗಿ ತುಸು ಮಾತ್ರ ಮಳೆನೀರು ಇಳಿದ ಜಾಡಿನಂತೆ ಉಳಿಯುತ್ತದೆ. ಟಿ-34ರ ಹಲ್‌ನ ಮೇಲ್ಭಾಗದ ಬದಿಗಳು ಇಳಿಜಾರಾಗಿರುವುದರಿಂದ ಈ ಜಾಡುಗಳಿಗೆ ಅಲ್ಲಿ ಬೇಕಾದಷ್ಟು ಜಾಗವಿದೆ. ಒಂದು ಎಚ್ಚರಿಕೆ: ಚಕ್ರದ ಅಚ್ಚುಗಳ ಬುಡದಂಥ, ಒತ್ತಡವಿರುವ ಕೀಲುಗಳಲ್ಲಿ ಸ್ಪಿರಿಟ್ ಮಡುಗಟ್ಟಿ ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು, ಆದ್ದರಿಂದ ಅಲ್ಲಿ ಕೈ ಬಿಗಿಹಿಡಿಯಿರಿ.

ಬಣ್ಣ ಕಿತ್ತ ಗುರುತುಗಳಿಗೆ ಪ್ಯಾಕಿಂಗ್ ಸ್ಪಾಂಜಿನ ಹರಿದ ಚೂರೊಂದು ಯಾವ ಕುಂಚಕ್ಕಿಂತಲೂ ಮೇಲು. ಕಪ್ಪಿಗೆ ಕೆಂಗಂದು ಬೆರೆಸಿದ ಬಣ್ಣದಲ್ಲಿ ಅದನ್ನು ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣ ಬಹುಪಾಲು ಹೋದ ಮೇಲೆ ಅಂಚುಗಳಿಗೆ ಹಗುರವಾಗಿ ತಾಗಿಸಿ. ಎಲ್ಲಿ ತಾಗಿಸಬೇಕು ಎಂಬುದಕ್ಕೆ ಟ್ಯಾಂಕಿನ ಬಳಕೆಯೇ ಉತ್ತರ. ಟಿ-34ರ ಮುಂಭಾಗದ ಇಳಿಜಾರು ತಗಡಿನಲ್ಲಿಯೇ ಚಾಲಕನ ಮುಚ್ಚಳವಿತ್ತು, ಅವನು ಹತ್ತಿ ಇಳಿಯುವಾಗಲೆಲ್ಲ ಅದರ ಅಂಚು ಸವೆಯುತ್ತಿತ್ತು. ಸೋವಿಯತ್ ಪದಾತಿ ಸೈನಿಕರು ಟ್ಯಾಂಕಿನ ಬೆನ್ನೇರಿಯೇ ಯುದ್ಧಕ್ಕೆ ಹೋಗುತ್ತಿದ್ದರು. ಅವರು ಹಿಡಿದುಕೊಳ್ಳಲೆಂದು ಟರೆಟ್ಟಿಗೂ ಹಲ್‌ಗೂ ಹಿಡಿಕೆಗಳನ್ನು ಬೆಸೆದಿದ್ದರು. ಆದ್ದರಿಂದ ಆ ಹಿಡಿಕೆಗಳ ಮೇಲೆ, ಎಂಜಿನ್ ಮೇಲಿನ ತಗಡಿನ ಅಂಚುಗಳಲ್ಲಿ, ಕಾಲಿಟ್ಟು ಹತ್ತುವ ಫೆಂಡರುಗಳಲ್ಲಿ (ಟ್ರ್ಯಾಕಿನ ಮೇಲಿನ ಮಡ್‌ಗಾರ್ಡುಗಳಲ್ಲಿ) ಸವೆತ ಸಹಜ. ಯಾರ ಕೈಕಾಲೂ ತಾಗದ ಟರೆಟ್ಟಿನ ಪಕ್ಕದ ನಡುಮಧ್ಯದಲ್ಲಿ ಚಕ್ಕೆಗಳನ್ನು ಚೆಲ್ಲಬೇಡಿ. ಕಿತ್ತಳೆ ಬಣ್ಣದ ತುಕ್ಕನ್ನು ಎಲ್ಲೆಡೆ ಹಾಕುವ ಆಸೆಯನ್ನೂ ತಡೆದುಕೊಳ್ಳಿ. 1944ರಲ್ಲಿ ಕಾರ್ಖಾನೆ ಬಿಟ್ಟು ರಣರಂಗ ಸೇರಿದ ಟ್ಯಾಂಕಿಗೆ ಆಳವಾಗಿ ತುಕ್ಕು ಹಿಡಿಯುವಷ್ಟು ಆಯುಸ್ಸು ಸಾಮಾನ್ಯವಾಗಿ ಇರಲಿಲ್ಲ. ನಿಜವಾದ ತುಕ್ಕು ಸೇರುವುದು ಹಿಂಬದಿಯ ಎರಡು ಹೊಗೆಕೊಳವೆಗಳಿಗೆ; ಅವುಗಳ ಬಾಯಿಯ ಸುತ್ತ ಡೀಸೆಲ್ ಮಸಿಯ ಕಪ್ಪನ್ನೂ ಸೇರಿಸಿ.

ಹಲ್‌ನ ಬದಿಯಲ್ಲಿರುವ ಉರುಳೆಯಾಕಾರದ ಇಂಧನದ ಡ್ರಮ್ಮುಗಳು ನನಗೆ ತುಂಬ ಇಷ್ಟವಾದ ಜಾಗ. ಅವು ಎಂಜಿನ್ನಿನ ಇಂಧನ ವ್ಯವಸ್ಥೆಗೆ ಜೋಡಣೆಯಾಗಿರಲಿಲ್ಲ, ಅವುಗಳಿಂದ ಒಳಗಿನ ಇಂಧನ ಟ್ಯಾಂಕಿಗೆ ಸಿಬ್ಬಂದಿಯೇ ಕೈಯಾರೆ ತುಂಬಬೇಕಿತ್ತು. ಹಾಗೆ ತುಂಬುವಾಗ ಚೆಲ್ಲದೆ ಇರುತ್ತದೆಯೇ? ಹಿಂದೆ ಹೇಳಿದ ಕಂದು ವಾಶ್‌ಗೆ ಸ್ವಲ್ಪ ಹೊಳಪಿನ ಎನಾಮೆಲ್ ವಾರ್ನಿಷ್ ಬೆರೆಸಿ ಮುಚ್ಚಳದಿಂದ ಕೆಳಕ್ಕೆ ಒಂದೆರಡು ಸಣ್ಣ ಧಾರೆ ಎಳೆದರೆ ಒದ್ದೆ ಡೀಸೆಲ್ ಆಗುತ್ತದೆ. ಆದರೆ ಈ ಕೆಲಸ ಕಟ್ಟಕಡೆಯದಾಗಿರಲಿ, ಏಕೆಂದರೆ ಅದಕ್ಕೆ ಮುಂಚೆ ಇಡೀ ಟ್ಯಾಂಕಿಗೆ ಮ್ಯಾಟ್ ವಾರ್ನಿಷ್ ಹಾಕಿ ಹೊಳಪನ್ನೆಲ್ಲ ಕಳೆಯಬೇಕು.

ಟ್ರ್ಯಾಕುಗಳಿಗೆ ಕಂದು ಮತ್ತು ಬೂದು ಬೆರೆತ ಬಣ್ಣ ಸರಿ. ಟಿ-34ರ ದೊಡ್ಡ ಚಕ್ರಗಳ ಮೇಲೆ ಟ್ರ್ಯಾಕನ್ನು ಹೊರುವ ಬೇರೆ ಸಣ್ಣ ರೋಲರುಗಳಿಲ್ಲ, ಆದ್ದರಿಂದ ಮೇಲಿನ ಸಾಲು ಬಿಗಿಯಾಗಿ ನಿಲ್ಲದೆ ಚಕ್ರಗಳ ನೆತ್ತಿಯ ಮೇಲೆಯೇ ಒರಗಬೇಕು. ಕಿಟ್ಟಿನಲ್ಲಿ ಮೆತ್ತನೆಯ ಒಂದೇ ಪಟ್ಟಿಯ ಟ್ರ್ಯಾಕ್ ಕೊಟ್ಟಿದ್ದರೆ ಸೂಪರ್ ಗ್ಲೂ ಹನಿಯಿಂದ ಅದನ್ನು ಚಕ್ರಗಳಿಗೆ ಅಂಟಿಸಿ ಕೆಳಕ್ಕೆ ಇಳಿಸಿ. ನೆಲಕ್ಕೆ ತಾಗುವ ಉಬ್ಬುಗಳು, ಒಳಮೈಯಲ್ಲಿ ಚಕ್ರ ಉರುಳುವ ಎರಡು ಪಟ್ಟಿಗಳು ಮತ್ತು ಹಿಂದಿನ ಚಾಲಕ ಚಕ್ರ ಹಿಡಿದೆಳೆಯುವ ಹಲ್ಲುಗಳು ಮಾತ್ರ ಉಜ್ಜಿ ಹೊಳೆಯುತ್ತವೆ. ಅಲ್ಲಿಗೆ ಬೆಳ್ಳಿ ಬಣ್ಣಕ್ಕಿಂತ ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನು ಬೆರಳಿನಿಂದ ತೀಡುವುದು ಉತ್ತಮ.

ಮ್ಯಾಟ್ ವಾರ್ನಿಷ್ ಒಣಗಿದ ಮೇಲೆ ಉಳಿದದ್ದು ಕೆಸರು ಮತ್ತು ದೂಳು. ಪಿಗ್ಮೆಂಟ್ ಎಂಬ ಒಣ ಬಣ್ಣದ ಪುಡಿಯನ್ನು ಹಲ್‌ನ ಕೆಳಭಾಗ, ಚಕ್ರ, ಫೆಂಡರಿನ ಅಡಿಗಳಲ್ಲಿ ಉದುರಿಸಿ, ವೈಟ್ ಸ್ಪಿರಿಟ್‌ನ ಹನಿಯನ್ನು ಪಕ್ಕದಲ್ಲಿ ತಾಗಿಸಿದರೆ ಅದು ಪುಡಿಯೊಳಗೆ ಹರಿದು ಅದನ್ನು ಕೂರಿಸುತ್ತದೆ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ. ಒದ್ದೆಯಾದಾಗ ಬಣ್ಣ ತುಂಬ ಕಪ್ಪಾಗಿ ಕಾಣುತ್ತದೆ, ಪೂರ್ತಿ ಒಣಗಿದ ಮೇಲೆಯೇ ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಿ. ಮೇಲ್ಭಾಗದಲ್ಲಿ ಒಣಗಿದ ತಿಳಿ ಮಣ್ಣು, ಕೆಳಗೆ ಹೊಸದಾಗಿ ಹತ್ತಿದ ಕಪ್ಪು ಕೆಸರು ಎಂಬ ಎರಡು ಛಾಯೆ ಇದ್ದರೆ ಟ್ಯಾಂಕು ಒಂದಕ್ಕಿಂತ ಹೆಚ್ಚು ದಿನ ಓಡಿದೆ ಎಂಬುದು ಕಾಣುತ್ತದೆ. ನಿಜವಾದ ಮಣ್ಣನ್ನು ಬಳಸುವ ಯೋಚನೆಯಿದ್ದರೆ ಅತಿ ನಯವಾದ ಜರಡಿಯಲ್ಲಿ ಸೋಸಿ, ಏಕೆಂದರೆ ಅರ್ಧ ಮಿಲಿಮೀಟರಿನ ಮರಳಿನ ಕಣವೂ ಈ ಅಳತೆಯಲ್ಲಿ ಪೌನೆರಡು ಸೆಂಟಿಮೀಟರಿನ ಜಲ್ಲಿಕಲ್ಲು. ಪಿಗ್ಮೆಂಟ್ ಹಾಕಿದ ಮೇಲೆ ವಾರ್ನಿಷ್ ಸ್ಪ್ರೇ ಮಾಡಬೇಡಿ. ದೂಳಿನ ಒಣತನವೆಲ್ಲ ಅದರಡಿ ಮುಳುಗಿಹೋಗುತ್ತದೆ. ಹಾಗಾಗಿ ಆ ಬಳಿಕ ಟ್ಯಾಂಕನ್ನು ಎತ್ತುವಾಗ ಬದಿಗಳನ್ನು ಮುಟ್ಟದೆ ಹಲ್‌ನ ತಳವನ್ನು ಹಿಡಿದು ಎತ್ತಿ.