ಪ್ರತಿ: ನನ್ನಲ್ಲಿ ಸರಿಯಿರುವ ಪ್ರೀಫ್ಯಾಬ್, ಆರ್ಟಿಸ್ಟ್ ಪುಲ್ ಮಾಡಿದಾಗ ‘ಮಿಸ್ಸಿಂಗ್ ಸ್ಕ್ರಿಪ್ಟ್’

ಯೂನಿಟಿಯಲ್ಲಿ (ಗೇಮ್ ತಯಾರಿಸುವ ತಂತ್ರಾಂಶ) ನಿಮ್ಮ ಪ್ರೀಫ್ಯಾಬ್, ಅಂದರೆ ಮತ್ತೆ ಮತ್ತೆ ಬಳಸಲು ಸಿದ್ಧಪಡಿಸಿಟ್ಟ ವಸ್ತು, ಆರ್ಟಿಸ್ಟ್ ಗಿಟ್‌ನಿಂದ (ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿ ಹಂಚಿಕೊಳ್ಳುವ ವ್ಯವಸ್ಥೆ) ಇಳಿಸಿಕೊಂಡಾಗ ಸ್ಕ್ರಿಪ್ಟ್ ಕಳೆದುಕೊಳ್ಳುತ್ತಿದೆ ಎಂದಿದ್ದೀರಿ. ಬಹುಶಃ ಮೆಟಾ ಫೈಲ್‌ಗಳು (ಪ್ರತಿ ಫೈಲಿನ ಜೊತೆ ಯೂನಿಟಿ ಇಡುವ ಚಿಕ್ಕ ಮಾಹಿತಿ ಫೈಲ್‌ಗಳು) ಗಿಟ್‌ಗೆ ಹೋಗಿಲ್ಲ. ಯೂನಿಟಿ ಸ್ಕ್ರಿಪ್ಟನ್ನು ಗುರುತಿಸುವುದು ಮೆಟಾದೊಳಗಿನ ಜಿಯುಐಡಿಯಿಂದ (ಆ ಫೈಲಿಗೆ ಮಾತ್ರ ಸೇರಿದ ಗುರುತು ಸಂಖ್ಯೆ); ಮೆಟಾ ಸಿಗದಿದ್ದರೆ ಪ್ರತಿ ಕಂಪ್ಯೂಟರೂ ತನ್ನದೇ ಹೊಸದನ್ನು ಹುಟ್ಟಿಸಿಕೊಳ್ಳುತ್ತದೆ. ಒಂದೇ ಸ್ಕ್ರಿಪ್ಟಿನ ಮೆಟಾವನ್ನು ನಿಮ್ಮ ಮತ್ತು ಆರ್ಟಿಸ್ಟ್ ಕಂಪ್ಯೂಟರ್ ಎರಡೂ ಕಡೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಜಿಯುಐಡಿ ಬೇರೆಯಿದ್ದರೆ ಇದೇ ಕಾರಣ. ಒಂದೇ ಇದ್ದರೆ, ಆರ್ಟಿಸ್ಟ್ ಅವರ ಯೂನಿಟಿ ಕನ್ಸೋಲ್‌ನಲ್ಲಿ (ದೋಷಗಳನ್ನು ತೋರಿಸುವ ಕಿಟಕಿ) ಕಂಪೈಲ್ ಎರರ್ ಇದೆಯೇ ನೋಡಿ.

ಬೇರೆಯಿದ್ದರೆ ನಿಮ್ಮಲ್ಲಿ ಯೂನಿಟಿ ಮುಚ್ಚಿ, ಗಿಟ್‌ಇಗ್ನೋರ್‌ನಿಂದ, ಅಂದರೆ ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಯಿಂದ, ಮೆಟಾ ಸಾಲು ತೆಗೆಯಿರಿ (ಲೈಬ್ರರಿ ಫೋಲ್ಡರಿನ ಸಾಲು ಇರಲೇಬೇಕು, ಕೈ ಹಚ್ಚಬೇಡಿ). ಗಿಟ್‌ಇಗ್ನೋರ್, ಅಸೆಟ್ಸ್ ಫೋಲ್ಡರ್ ಎರಡನ್ನೂ ಕಮಿಟ್ ಮಾಡಿ ಪುಶ್ ಮಾಡಿ. ಅವರು ಪುಲ್ ಮಾಡುವ ಬದಲು, ಕಮಿಟ್ ಆಗದ ಕೆಲಸವನ್ನು ಬೇರೆಡೆ ಕಾಪಿ ಇಟ್ಟುಕೊಂಡು ಹೊಸ ಫೋಲ್ಡರಿಗೆ ಕ್ಲೋನ್ ಮಾಡಲಿ (ಇಡೀ ಪ್ರಾಜೆಕ್ಟನ್ನು ಹೊಸದಾಗಿ ಇಳಿಸಿಕೊಳ್ಳಲಿ). ಹಳೆಯ ಮೆಟಾಗಳ ಕಾಟ ತಪ್ಪುತ್ತದೆ. ಅವರು ಈಗಾಗಲೇ ಸೇವ್ ಮಾಡಿದ ಸೀನ್‌ಗಳಲ್ಲಿ ಅವರ ಹಳೆಯ ಜಿಯುಐಡಿ ಉಳಿದಿರಬಹುದು. ಅಂಥ ಕಡೆ ಸ್ಕ್ರಿಪ್ಟನ್ನು ಇನ್‌ಸ್ಪೆಕ್ಟರ್‌ನಲ್ಲಿ (ವಸ್ತುವಿನ ವಿವರ ತೋರಿಸುವ ಯೂನಿಟಿಯ ಕಿಟಕಿ) ಒಂದೊಂದಾಗಿ ಎಳೆದು ಜೋಡಿಸಬೇಕಾಗುತ್ತದೆ.